ಮರದೊಳಗೆ ಕೂತ ಕಬ್ಬಿಣ

ಹೈದರಾಬಾದಿನಿಂದ ವಿಜಯವಾಡದ ಹೆದ್ದಾರಿ ಹಿಡಿದರೆ, ಊರಿನ ಗದ್ದಲ ಮುಗಿಯುವ ಮೊದಲೇ ವನಸ್ಥಲಿಪುರಂ ಹತ್ತಿರ ಒಂದು ಉದ್ದನೆಯ ಬೇಲಿ ಸಿಗುತ್ತದೆ. ಒಳಗಿರುವುದು ಮಹಾವೀರ ಹರಿಣ ವನಸ್ಥಲಿ. ಕುರುಚಲು ಗಿಡ, ಒಣಹುಲ್ಲು, ಅದರ ನಡುವೆ ಕೃಷ್ಣಮೃಗಗಳ ಹಿಂಡು. ಉತ್ತರ ಕರ್ನಾಟಕದ ನಾವು ಚಿಗರಿ ಎನ್ನುತ್ತೇವಲ್ಲ, ಅದೇ. ಈಗ ಇದು ರಾಷ್ಟ್ರೀಯ ಉದ್ಯಾನ. ಅದಕ್ಕೂ ಮೊದಲು ನಿಜಾಮರ ಬೇಟೆಯ ಬಯಲಾಗಿತ್ತು.

ನಿಜಾಮರ ಬೇಟೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹುಲಿ. ಸತ್ತ ಹುಲಿಯ ಹಿಂದೆ ಸಾಲಾಗಿ ನಿಂತ ಸಾಹೇಬರು, ಅವರ ಪಕ್ಕ ಆನೆ, ಮುಂದೆ ಕೂತ ಹಳ್ಳಿಯವರು. ಚಿಗರಿಯ ನೆನಪು ಯಾರಿಗೂ ಆಗುವುದಿಲ್ಲ. ಆದರೆ ರೈಫಲ್ಲಿನ ಚರಿತ್ರೆಗೆ ಹುಲಿಗಿಂತ ಚಿಗರಿಯೇ ಮುಖ್ಯ ಎಂಬುದು ನನ್ನ ವಾದ. ಅಟ್ಟಣೆಯ ಕೆಳಗೆ ಇಪ್ಪತ್ತು ಮೀಟರಿನಲ್ಲಿ ಬರುವ ಹುಲಿಗೆ ಎಂಥ ರೈಫಲ್ಲಾದರೂ ಗುಂಡು ತಾಗಿಸುತ್ತದೆ. ಮರೆಯಿಲ್ಲದ ಕಪ್ಪು ನೆಲದ ಬಯಲಿನಲ್ಲಿ ನೂರೈವತ್ತು, ಇನ್ನೂರು ಮೀಟರು ಆಚೆ ತಲೆಯೆತ್ತಿ ನಿಂತ ಚಿಗರಿಗೆ ಗುಂಡು ತಾಗಬೇಕಾದರೆ ಮಾತ್ರ ಬಂದೂಕಿನ ಒಳಗಿನ ಒಂದು ಸಂದಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಕಬ್ಬಿಣ ಹೋಗಿ ಮರದಲ್ಲಿ ಕೂರುವ ಸಂದಿ ಅದು. ಇಂಗ್ಲಿಷಿನವರು ಈ ಕೂರಿಸುವ ಕೆಲಸಕ್ಕೆ ಬೆಡ್ಡಿಂಗ್ ಎನ್ನುತ್ತಾರೆ.

ಮೊದಲು ಆ ಸಂದಿ ಎಲ್ಲಿದೆ ಎಂದು ನೋಡೋಣ. ರೈಫಲ್ ಎನ್ನುವುದು ಎರಡು ವಸ್ತುಗಳ ಜೋಡಣೆ. ಗುಂಡು ಹೊರಡುವ ನಳಿಕೆ, ಅದರ ಹಿಂದೆ ತೋಟಾ ಕೂರುವ, ಬೋಲ್ಟ್ ಓಡಾಡುವ ಉಕ್ಕಿನ ಪೆಟ್ಟಿಗೆ ಒಂದು. ಈ ಪೆಟ್ಟಿಗೆಗೆ ಆ್ಯಕ್ಷನ್ ಎಂದು ಹೆಸರು. ಇವೆರಡನ್ನೂ ಹೊತ್ತು ನಮ್ಮ ಭುಜಕ್ಕೆ ಒರಗುವ ಮರ ಇನ್ನೊಂದು. ಈ ಮರಕ್ಕೆ ಹೈದರಾಬಾದಿನ ಉರ್ದುವಿನಲ್ಲಿ ಕುಂದಾ ಎನ್ನುತ್ತಾರೆ. ಬೆಳಗಾವಿಯ ಸಿಹಿ ನೆನಪಾದರೆ ನಾನು ಹೊಣೆಯಲ್ಲ. ಇಲ್ಲಿಂದ ಮುಂದೆ ನಾನೂ ಕುಂದಾ ಎಂದೇ ಕರೆಯುತ್ತೇನೆ. ಕುಂದಾದಲ್ಲಿ ಉಳಿಯಿಂದ ಕುಳಿ ತೆಗೆದು ಅದರೊಳಗೆ ಆ್ಯಕ್ಷನ್ ಇಟ್ಟು, ಕೆಳಗಿನಿಂದ ಎರಡೋ ಮೂರೋ ಸ್ಕ್ರೂ ಬಿಗಿಯುತ್ತಾರೆ. ಆ್ಯಕ್ಷನ್ನಿನ ಅಡಿಯಲ್ಲಿ, ಮುಂಭಾಗಕ್ಕೆ, ಹಲ್ಲಿನ ಹಾಗೆ ಚಾಚಿದ ಒಂದು ಉಕ್ಕಿನ ತುಂಡಿರುತ್ತದೆ. ಗುಂಡು ಹಾರಿದಾಗ ಇಡೀ ಉಕ್ಕು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಮರಕ್ಕೆ ದಾಟಿಸುವುದು ಈ ಹಲ್ಲು. ಹಲ್ಲು ಮರಕ್ಕೆ ಪೂರ್ತಿ ತಾಗಿ ಕೂತಿದ್ದರೆ ಉಕ್ಕು ಪ್ರತಿ ಸಲವೂ ಒಂದೇ ಜಾಗದಿಂದ ಒದೆದು ಒಂದೇ ಜಾಗಕ್ಕೆ ಮರಳುತ್ತದೆ. ಕೂರದಿದ್ದರೆ ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಬೇರೆ ಜಾಗ.

ಕೂದಲೆಳೆ ಎಂದರೆ ಎಷ್ಟು? ಲೆಕ್ಕ ಸುಲಭ. ನಳಿಕೆ 60 ಸೆಂಟಿಮೀಟರ್ ಉದ್ದ ಇದೆ ಎಂದುಕೊಳ್ಳಿ. ಅದರ ತುದಿ 0.2 ಮಿಲಿಮೀಟರ್, ಅಂದರೆ ಸುಮಾರು ಮೂರು ಕೂದಲಿನ ದಪ್ಪದಷ್ಟು, ಪಕ್ಕಕ್ಕೆ ಸರಿದರೆ ಗುಂಡಿನ ದಾರಿ ಮೂರು ಸಾವಿರಕ್ಕೆ ಒಂದರಂತೆ ಓರೆಯಾಗುತ್ತದೆ. ಇಪ್ಪತ್ತು ಮೀಟರಿನಲ್ಲಿ ಇದು 7 ಮಿಲಿಮೀಟರ್, ಹುಲಿಯ ಮೈಮೇಲೆ ಲೆಕ್ಕಕ್ಕೇ ಇಲ್ಲ. ನೂರು ಮೀಟರಿನಲ್ಲಿ 3.3 ಸೆಂಟಿಮೀಟರ್. ಇನ್ನೂರರಲ್ಲಿ 6.7. ಚಿಗರಿಯ ಎದೆಯಲ್ಲಿ ಗುಂಡು ತಾಗಿದರೆ ನಿಂತಲ್ಲೇ ಬೀಳುವ ಜಾಗ ಒಂದು ಸಣ್ಣ ತಟ್ಟೆಯಷ್ಟು. ಅದಕ್ಕೆ ಬೇಟೆಗಾರನ ಉಸಿರು, ಗಾಳಿ, ಕೈನಡುಕ ಎಲ್ಲವನ್ನೂ ಸೇರಿಸಿದರೆ ಈ 6.7 ಸೆಂಟಿಮೀಟರ್ ಸಾವಿಗೂ ಮುರಿದ ಕಾಲಿಗೂ ನಡುವಿನ ಅಂತರ.

ಮರ ಯಾಕೆ ಸರಿಯುತ್ತದೆ? ಮರ ಸತ್ತ ಮೇಲೂ ಉಸಿರಾಡುತ್ತದೆ ಎಂದು ಬಡಗಿಗಳು ಹೇಳುವುದು ನಿಜ. ನಾರಿನ ಉದ್ದಕ್ಕೆ ಅದು ಹೆಚ್ಚೇನೂ ಬದಲಾಗುವುದಿಲ್ಲ, ಅಡ್ಡಕ್ಕೆ ಬದಲಾಗುತ್ತದೆ. ಒಳಗಿನ ತೇವ ನೂರಕ್ಕೆ ಐದರಷ್ಟು ಏರಿಳಿದರೆ ಆಕ್ರೋಟ್ ಮರದ ಒಂದು ಇಂಚು ಅಡ್ಡ ಅಳತೆಯಲ್ಲಿ ಸರಿಸುಮಾರು ಆ ಮೂರು ಕೂದಲಿನಷ್ಟೇ ವ್ಯತ್ಯಾಸ ಬರುತ್ತದೆ. ದಖನ್ನಿನ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಹೈದರಾಬಾದಿನಲ್ಲಿ ಏಪ್ರಿಲ್-ಮೇ ಮಧ್ಯಾಹ್ನ ನಲವತ್ತು ಡಿಗ್ರಿಯ ಹತ್ತಿರದ ಒಣ ಬಿಸಿಲು, ಆಗಸ್ಟಿನ ಬೆಳಿಗ್ಗೆ ಗೋಡೆಗೆ ನೀರೂರುವ ತೇವ. ಮನೆಯ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲವಾಗುವುದನ್ನು ಎಲ್ಲರೂ ನೋಡಿದ್ದೇವೆ. ರೈಫಲ್ಲಿನ ಕುಂದಾಕ್ಕೂ ಅದೇ ಆಗುತ್ತದೆ. ಬಾಗಿಲಾದರೆ ಒದ್ದು ಮುಚ್ಚಬಹುದು.

ಇಂಥ ಚಿಂತೆ ಹಿಂದಿನವರಿಗೆ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ. ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಆಯುಧಗಳ ಕೋಣೆಗೆ ಹೋದರೆ ಬತ್ತಿ ಬಂದೂಕುಗಳನ್ನು ನೋಡಬಹುದು. ಆ ಜಾತಿಯ ಬಂದೂಕಿನಲ್ಲಿ ಉದ್ದನೆಯ ನಳಿಕೆಯನ್ನು ಸಣ್ಣ ಮರದ ಮೇಲಿಟ್ಟು ಲೋಹದ ತಂತಿಯಿಂದಲೋ ಚರ್ಮದ ಪಟ್ಟಿಯಿಂದಲೋ ಸುತ್ತಿ ಕಟ್ಟುತ್ತಿದ್ದರು. ಕುಳಿ, ಹಲ್ಲು, ಸ್ಕ್ರೂ ಯಾವುದರ ತಂಟೆಯೂ ಇಲ್ಲ. ಒಳಗೆ ಸುರುಳಿ ಗೆರೆಗಳಿಲ್ಲದ ನುಣುಪು ನಳಿಕೆ; ಗುಂಡು ಅದರೊಳಗೆ ಅಲ್ಲಿ ಇಲ್ಲಿ ತಾಗುತ್ತಾ ಹೊರಬೀಳುತ್ತದೆ. ಗುಂಡೇ ಅಷ್ಟು ಸಡಿಲವಾಗಿರುವಾಗ ಮರದ ಸಂದಿಯ ಮೂರು ಕೂದಲಿನ ಮಾತು ಯಾರಿಗೆ ಬೇಕು?

1795ರ ಹೊತ್ತಿಗೆ ಫ್ರೆಂಚ್ ಸೇನಾನಿ ಮಿಶೆಲ್ ಜೋಕಿಮ್ ರೇಮೊಂಡ್ ಎರಡನೆಯ ನಿಜಾಮನಿಗಾಗಿ ಹೈದರಾಬಾದಿನಲ್ಲಿ ಫಿರಂಗಿ, ಬಂದೂಕುಗಳ ಕಾರ್ಖಾನೆ ಎಬ್ಬಿಸಿದ. ಅಬಿಡ್ಸ್ ಪಕ್ಕದ ಗನ್‌ಫೌಂಡ್ರಿ ಎನ್ನುವ ಬಡಾವಣೆಗೆ ಆ ಹೆಸರು ಬಂದದ್ದು ಹಾಗೆ. ಹಳಬರು ತೋಪ್ ಕಾ ಸಾಂಚಾ ಎನ್ನುತ್ತಿದ್ದರು. ಮೂಸಾರಾಂಬಾಗ್ ಎನ್ನುವ ಹೆಸರಿನೊಳಗೆ ಅಡಗಿರುವುದೂ ಇದೇ ಮೊಸ್ಯೂ ರೇಮೊಂಡ್. ಆತ 1798ರ ಮಾರ್ಚಿನಲ್ಲಿ ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಇಂಗ್ಲಿಷರು ಅವನ ಸಾವಿರಾರು ಸಿಪಾಯಿಗಳ ಪಡೆಯ ಕೈಯಿಂದ ಬಂದೂಕು ಕೆಳಗಿಡಿಸಿದರು. ಆ ಬಂದೂಕುಗಳೂ ನುಣುಪು ನಳಿಕೆಯ ಮಸ್ಕೆಟ್ಟುಗಳೇ. ಸಾಲಾಗಿ ನಿಂತು ಎದುರಿನ ಸಾಲಿಗೆ ಒಟ್ಟಿಗೆ ಹಾರಿಸುವ ಯುದ್ಧಕ್ಕೆ ಅಷ್ಟು ಸಾಕಾಗಿತ್ತು.

ಬಂದೂಕು ಕೆಳಗಿಡಿಸುವ ಈ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1857ರ ನಿಶ್ಶಸ್ತ್ರೀಕರಣ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆ ಎಂದದ್ದು, ಊರು ಸುಟ್ಟದ್ದು, ನೇಣು ಬಿದ್ದದ್ದು ಲಾವಣಿಯಾಗಿ ನಮ್ಮ ಶಾಲೆಯ ಪುಸ್ತಕಗಳಿಗೂ ಬಂದಿದೆ. ಮರುವರ್ಷ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬಂಡೆದ್ದ. ಅವನು ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದವನು ಕ್ಯಾಪ್ಟನ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲೆ ಅವನ ಟೇಲರ್ ಮಂಜಿಲ್ ಇಂದಿಗೂ ಇದೆ. ಬಂಡಾಯ ಮುರಿದ ಮೇಲೆ, 1860ರ ಒಪ್ಪಂದದಲ್ಲಿ ಸುರಪುರ ನಿಜಾಮನ ಪಾಲಾಯಿತು. ಬೇಟೆಯೇ ಕುಲದ ಹೆಸರಾಗಿದ್ದ ಜನರ ಕೈಯಿಂದ ಬಂದೂಕು ಹೋಯಿತು. 1878ರ ಆರ್ಮ್ಸ್ ಆ್ಯಕ್ಟ್ ಬ್ರಿಟಿಷ್ ಸೀಮೆಯಲ್ಲಿ ಪರವಾನಗಿಯ ಬೀಗ ಹಾಕಿತು, ಯುರೋಪಿಯನ್ನರಿಗೆ ಮಾತ್ರ ಅದರಿಂದ ವಿನಾಯಿತಿ. ಸುರುಳಿ ಗೆರೆಯ ಒಳ್ಳೆಯ ರೈಫಲ್ ನಮ್ಮ ಕಡೆಗೆ ಬಂದದ್ದು ಸರಿಯಾಗಿ ಈ ಕಾಲದಲ್ಲಿ. ಹೀಗಾಗಿ ಅದು ಬಂದದ್ದು ಅರಮನೆಗೆ ಮತ್ತು ಬಂಗಲೆಗೆ.

ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಳ್ಳುವವರೆಗೆ ಹುಲಿ ಬೇಟೆಗೆ ಹೆಸರಾಗಿದ್ದವನು. ಮೂವತ್ತಕ್ಕೂ ಹೆಚ್ಚು ಹುಲಿ ಹೊಡೆದನೆಂದು ಜನ ಅವನಿಗೆ ತೀಸ್ ಮಾರ್ ಖಾನ್ ಎಂದರು. ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ಈ ಶಿಕಾರಿಗಳನ್ನೆಲ್ಲ ಗಾಜಿನ ಪ್ಲೇಟುಗಳ ಮೇಲೆ ಹಿಡಿದಿಟ್ಟ. 1902ರಲ್ಲಿ ವೈಸ್‌ರಾಯ್ ಕರ್ಜನ್ ಹೆಂಡತಿಯೊಡನೆ ಸತ್ತ ಹುಲಿಯ ಹಿಂದೆ ನಿಂತಿರುವ ಚಿತ್ರ ಈಗಲೂ ಪುಸ್ತಕಗಳಲ್ಲಿ ಸುತ್ತುತ್ತಿದೆ. ಇಂಥ ಬೇಟೆಗೆ ಶ್ರೀಮಂತರ ಆಯ್ಕೆ ಲಂಡನ್ನಿನ ಅಂಗಡಿಗಳ ಜೋಡುನಳಿಗೆಯ ರೈಫಲ್.

ಜೋಡುನಳಿಗೆಯಲ್ಲಿ ಬೆಡ್ಡಿಂಗ್ ಎಂಬ ಕಷ್ಟ ಹೆಚ್ಚು ಇಲ್ಲ. ಅದರ ನಳಿಕೆಗಳೆರಡೂ ಕೀಲಿನ ಮೇಲೆ ಬಾಗಿ ತೆರೆದುಕೊಳ್ಳುತ್ತವೆ. ಅವುಗಳ ಕೆಳಗಿನ ಮರ ಅಂಗೈ ಹಿಡಿತಕ್ಕಷ್ಟೇ. ಹಿಂದಿನ ಮರ ಆ್ಯಕ್ಷನ್ನಿನ ಹಿಂಭಾಗಕ್ಕೆ ತಾಗಿ ಒದೆತ ತಿನ್ನುತ್ತದೆ. ಗುರಿ ನೋಡುವ ಮಣಿ, ಅದರ ಹಿಂದಿನ ಕಂಡಿ ಎರಡೂ ನಳಿಕೆಯ ಮೇಲೆಯೇ ಇರುವುದರಿಂದ ಮರ ಏನೇ ಆಟ ಆಡಿದರೂ ಗುರಿ ಅಷ್ಟಾಗಿ ಕೆಡುವುದಿಲ್ಲ. ಅದರ ನಿಖರತೆಯ ಕಷ್ಟವೆಲ್ಲ ಬೇರೆ ಕಡೆ: ಎರಡು ನಳಿಕೆಗಳ ಗುಂಡು ಒಂದೇ ಕಡೆ ಬೀಳುವಂತೆ ಕಾರ್ಖಾನೆಯಲ್ಲಿ ಹಾರಿಸಿ ನೋಡಿ, ಬೆಸುಗೆ ಕರಗಿಸಿ, ನಡುವಿನ ಬೆಣೆ ಸರಿಸಿ, ಮತ್ತೆ ಹಾರಿಸಿ ನೋಡಬೇಕು. ಅದಕ್ಕೇ ಅದರ ಬೆಲೆ ರಾಜರ ಬೆಲೆ. ಹೈದರಾಬಾದಿನ ಹವೆಯಲ್ಲಿ ಅದು ಬಾಳಿತು.

ಈ ದುಬಾರಿ ರೈಫಲ್ಲುಗಳ ಮೇಲೂ ಸರ್ಕಾರದ ಕಣ್ಣಿತ್ತು. ಗಡಿನಾಡಿನವರ ಕೈಯಲ್ಲಿದ್ದ ಹಳೆಯ .450 ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಮದ್ದುಗುಂಡು ದಕ್ಕೀತೆಂಬ ಹೆದರಿಕೆಯಿಂದ 1907ರಲ್ಲಿ ಭಾರತಕ್ಕೆ .450 ಅಳತೆಯ ರೈಫಲ್ ತರುವುದನ್ನೇ ನಿಲ್ಲಿಸಿದರು. ಲಂಡನ್ನಿನ ಅಂಗಡಿಗಳು ಸುಮ್ಮನೆ ಕೂರಲಿಲ್ಲ; ಬಹುಬೇಗ .465, .470, .475, .476 ಎಂದು ಅಕ್ಕಪಕ್ಕದ ಅಳತೆಗಳೆಲ್ಲ ಹುಟ್ಟಿಕೊಂಡವು. ಆಫ್ರಿಕಾದ ಆನೆ ಬೇಟೆಯ ಪ್ರಸಿದ್ಧ ತೋಟಾಗಳು ಹುಟ್ಟಿದ್ದು ನಮ್ಮ ದೇಶದ ಒಂದು ಸರ್ಕಾರಿ ಆದೇಶದಿಂದ. ಸೈನ್ಯದ .303 ಕೂಡ ನಾಗರಿಕರಿಗೆ ನಿಷಿದ್ಧ. ಇದರ ಪರಿಣಾಮ ಮುಂದೆ ಹೇಳುತ್ತೇನೆ.

ಬಯಲಿನ ಬೇಟೆಗೆ ಬಂದದ್ದು ಇನ್ನೊಂದು ಜಾತಿ. ಜರ್ಮನಿಯ ಮೌಸರ್ ಕಂಪನಿ 1898ರಲ್ಲಿ ಪಕ್ವಗೊಳಿಸಿದ ಬೋಲ್ಟ್ ಆ್ಯಕ್ಷನ್ನನ್ನು ಲಂಡನ್ನಿನ ರಿಗ್ಬಿ, ಜೆಫ್ರಿಯಂಥವರು ತೆಗೆದುಕೊಂಡು ತಮ್ಮ ನಳಿಕೆ, ತಮ್ಮ ಕುಂದಾ ಹಾಕಿ ಮಾರಿದರು. ಒಂದೇ ನಳಿಕೆ, ಉದ್ದಕ್ಕೂ ಒಂದೇ ತುಂಡಿನ ಕುಂದಾ, ಬೆಲೆ ಜೋಡುನಳಿಗೆಗಿಂತ ಬಹಳ ಕಡಿಮೆ. ಚಿಗರಿಗೆ .275ರಂಥ ಸಣ್ಣ ವೇಗದ ಗುಂಡು, ಕಾಟಿಗೆ, ಹುಲಿಗೆ .404, .416ರಂಥ ದೊಡ್ಡವು. ಸಂಬಳದ ಮೇಲೆ ಬದುಕುವ ಅರಣ್ಯಾಧಿಕಾರಿಗೆ, ಕಾಫಿ ತೋಟದ ಸಾಹುಕಾರನಿಗೆ, ಸಣ್ಣ ಜಾಗೀರುದಾರನಿಗೆ ಕೈಗೆಟುಕಿದ್ದು ಇದು. ಮದ್ರಾಸಿನ ಓಕ್ಸ್ ಮತ್ತು ಪಿ. ಆರ್ ಅಂಡ್ ಸನ್ಸ್, ಕಲ್ಕತ್ತೆಯ ಮ್ಯಾಂಟನ್, ರೋಡ್ಡಾ ಅಂಗಡಿಗಳು ಬಂದೂಕು ಮಾರುತ್ತಿದ್ದವು. 1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಮಾಯ ಮಾಡಿದ್ದು ಇದೇ ರೋಡ್ಡಾದ ಸರಕಿನಿಂದ.

ಕಷ್ಟ ಶುರುವಾದದ್ದು ಈ ಒಂದೇ ತುಂಡಿನ ಕುಂದಾದಿಂದ. ಉದ್ದನೆಯ ಮರ ನಳಿಕೆಯ ಅರ್ಧದವರೆಗೂ ಚಾಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಅದು ಉಬ್ಬಿ, ಸ್ವಲ್ಪ ತಿರುಚಿ, ನಳಿಕೆಯನ್ನು ಒಂದು ಪಕ್ಕದಿಂದ ತಳ್ಳುತ್ತದೆ. ಗುಂಡು ಹಾರುವ ಕ್ಷಣದಲ್ಲಿ ನಳಿಕೆ ವೀಣೆಯ ತಂತಿಯಂತೆ ಅದುರುತ್ತದೆ. ಪಕ್ಕದಿಂದ ಮರ ಒತ್ತಿದ್ದರೆ ಆ ಅದುರುವ ರೀತಿಯೇ ಬೇರೆಯಾಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಥೆ. ಮರ ಕುಗ್ಗಿ ಸ್ಕ್ರೂ ಸಡಿಲವಾಗುತ್ತದೆ, ಹಲ್ಲಿಗೂ ಮರಕ್ಕೂ ನಡುವೆ ಸಂದಿ ಬೀಳುತ್ತದೆ. ಆಗ .404ರಂಥ ದೊಡ್ಡ ತೋಟಾ ಹಾರಿಸಿದರೆ ಒದೆತ ಹಲ್ಲಿನ ಮೇಲೆ ಬೀಳದೆ, ಆ್ಯಕ್ಷನ್ನಿನ ಹಿಂದಿನ ಕಿರಿದಾದ ಬಾಲದ ಮೇಲೆ ಬೀಳುತ್ತದೆ. ಆ ಬಾಲ ಮರದೊಳಗೆ ಬೆಣೆಯಂತೆ ನುಗ್ಗಿ ಕುಂದಾವನ್ನು ಹಿಡಿಯ ಹತ್ತಿರ ಸೀಳುತ್ತದೆ. ಹಳೆಯ ದೊಡ್ಡ ರೈಫಲ್ಲುಗಳ ಕುಂದಾದಲ್ಲಿ ಅಡ್ಡಲಾಗಿ ಒಂದು ಉಕ್ಕಿನ ಬೋಲ್ಟ್ ಹೊಗಿಸಿರುವುದು ಅಂದಕ್ಕಲ್ಲ, ಈ ಸೀಳನ್ನು ತಡೆಯುವುದಕ್ಕೆ.

ಇದಕ್ಕೆ ಮದ್ದು ಏನಿತ್ತು? ಒಳ್ಳೆಯ ಬಂದೂಕು ಬಡಗಿಯ ಕೆಲಸ ಕೇಳುವುದಕ್ಕೆ ಸರಳ. ಉಕ್ಕಿನ ಅಡಿಗೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರುತ್ತಾನೆ. ಕುಳಿಯಲ್ಲಿಟ್ಟು ಮೆಲ್ಲಗೆ ತಟ್ಟಿ ಎತ್ತುತ್ತಾನೆ. ಕಪ್ಪು ಅಂಟಿದ ಕಡೆ ಮರ ಎದ್ದಿದೆ ಎಂದು ಅರ್ಥ. ಆ ಕಪ್ಪನ್ನಷ್ಟೇ ಕೆರೆಯುತ್ತಾನೆ. ಮತ್ತೆ ಕಾಡಿಗೆ, ಮತ್ತೆ ಇಡುವುದು, ಮತ್ತೆ ಕೆರೆಯುವುದು. ಹಲ್ಲಿನ ಹಿಂಬದಿ ಪೂರ್ತಿ ಕಪ್ಪಾಗುವವರೆಗೆ, ಅಡಿ ಎಲ್ಲ ಕಡೆ ಒಂದೇ ಸಮ ಕಪ್ಪಾಗುವವರೆಗೆ, ಬಾಲದ ಹಿಂದೆ ಮಾತ್ರ ಸ್ವಲ್ಪವೂ ತಾಗದಿರುವವರೆಗೆ. ಮಿರಜಿನಲ್ಲಿ ತಂಬೂರಿಯ ಕುದುರೆಗೆ ಜವಾರಿ ತೆಗೆಯುವವರು ಮಾಡುವುದೂ ಇದೇ ಜಾತಿಯ ಕೆಲಸ: ಕೆರೆಯುವುದು, ಕೇಳುವುದು, ಮತ್ತೆ ಕೆರೆಯುವುದು. ಇಬ್ಬರಿಗೂ ಒಂದು ಸಲ ಹೆಚ್ಚು ಕೆರೆದರೆ ಹಿಂದಕ್ಕೆ ಬರುವ ದಾರಿಯಿಲ್ಲ.

ಕೂರಿಸಿ ಮುಗಿದ ಮೇಲೆ ಕುಳಿಯ ಒಳಗೋಡೆಗೂ ಅಗಸೆ ಎಣ್ಣೆ ಕುಡಿಸಬೇಕು. ಹೊರಗೆ ಕನ್ನಡಿಯಂತೆ ಹೊಳೆಯುವ ಕುಂದಾಗಳ ಒಳಗೆ ಹಸಿ ಮರ ಹಾಗೇ ಬಿಟ್ಟಿರುವುದುಂಟು. ನೀರು ಹೊಕ್ಕುವುದು ಆ ಕಾಣದ ಕಡೆಯಿಂದಲೇ. ಇಷ್ಟೆಲ್ಲ ಮಾಡುವವನು ಸಿಗದ ಕಡೆ ಹಲ್ಲಿನ ಹಿಂದೆ ತಾಮ್ರದ ತಗಡೋ ಪೋಸ್ಟ್‌ಕಾರ್ಡಿನ ಚೂರೋ ಮಡಿಸಿ ತುರುಕುವುದು ಇನ್ನೊಂದು ಉಪಾಯ. ನಗಬೇಡಿ. ಒಂದು ಋತುವಿನ ಮಟ್ಟಿಗೆ ಅದೂ ಕೆಲಸ ಮಾಡುತ್ತದೆ.

ಇಷ್ಟೊಂದು ಸೂಕ್ಷ್ಮ ಬೇಕಿತ್ತೇ, ಅರಮನೆಯವರ ಮೋಜಿಗಾಗಿ? ಬೇಕಿತ್ತು, ಆದರೆ ಮೋಜಿಗಲ್ಲ. ತಪ್ಪಿದ ಗುಂಡಿಗೆ ಬೆಲೆ ತೆತ್ತವನು ಹೊಡೆದವನಲ್ಲ. ಹುಲಿ ನರಭಕ್ಷಕವಾಗುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಗಾಯವೇ ಕಾರಣ ಎಂದು ಜಿಮ್ ಕಾರ್ಬೆಟ್ ಬರೆದ. ಮುಳ್ಳುಹಂದಿಯ ಮುಳ್ಳೂ ಅದರಲ್ಲಿ ಸೇರಿತ್ತು, ಆದರೆ 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಮುರಿದದ್ದು ಯಾವುದೋ ಹಳೆಯ ಗುಂಡಿನಿಂದ. ಆ ಹುಲಿಯ ಲೆಕ್ಕಕ್ಕೆ ಬರೆದ ಸಾವುಗಳು 436. ಗುಂಡು ಹೊಡೆದವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಆ ಹುಲಿ ಕೊಂದದ್ದಕ್ಕೆ ಕಾರ್ಬೆಟ್‌ನಿಗೆ ಸಿಕ್ಕ ಬಹುಮಾನ ಒಂದು ರಿಗ್ಬಿ .275, ಮೌಸರ್ ಆ್ಯಕ್ಷನ್ನಿನದೇ.

ಕನ್ನಡ ಓದುಗರಿಗೆ ಹತ್ತಿರದ ಹೆಸರು ಕೆನೆತ್ ಆಂಡರ್ಸನ್. ಬೆಂಗಳೂರಿನವನೆಂದೇ ನಾವು ತಿಳಿದಿರುವ ಆತ ಹುಟ್ಟಿದ್ದು 1910ರಲ್ಲಿ ಸಿಕಂದರಾಬಾದಿನ ಬೊಲಾರಂನಲ್ಲಿ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ನಾಲ್ಕು ಭಾಗಗಳಲ್ಲಿ ಅವನನ್ನು ಕನ್ನಡಕ್ಕೆ ತಂದ ಮೇಲೆ ಮಲೆನಾಡಿನ ಹುಡುಗರೆಲ್ಲ ಅವನನ್ನು ತಮ್ಮೂರ ಶಿಕಾರಿಯಂತೆ ಓದಿದರು. ಅವನ ಕೈಯಲ್ಲಿದ್ದದ್ದು ವಿಂಚೆಸ್ಟರ್ ಕಂಪನಿಯ 1895ನೇ ಮಾದರಿಯ .405. ಕೆಳಗಿನ ಸನ್ನೆ ಎಳೆದು ತೋಟಾ ಬದಲಿಸುವ ಅಮೆರಿಕನ್ ರೈಫಲ್, ಜಾನ್ ಬ್ರೌನಿಂಗನ ವಿನ್ಯಾಸ. ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾದ ಸಿಂಹಗಳಿಗೆ ಇದನ್ನೇ ಮೆಚ್ಚಿಕೊಂಡಿದ್ದ. ಇದರ ಮರ ಎರಡು ತುಂಡು, ಆ್ಯಕ್ಷನ್ನಿನ ಹಿಂದೊಂದು, ಮುಂದೊಂದು. ನಿಖರತೆಯ ದೃಷ್ಟಿಯಿಂದ ಮೌಸರಿನ ಸಮಕ್ಕೆ ಬರುವಂಥದ್ದಲ್ಲ. ಆದರೆ ಆಂಡರ್ಸನ್ ಕಥೆಗಳಲ್ಲಿ ಗುಂಡು ಹಾರುವ ದೂರವನ್ನು ಗಮನಿಸಿ. ಟಾರ್ಚಿನ ಬೆಳಕು ಮುಟ್ಟುವಷ್ಟು. ಅಲ್ಲಿ ಬೇಕಾದದ್ದು ಎರಡನೆಯ ಗುಂಡು ಬೇಗ ಬರುವುದು, ಮಳೆಯಲ್ಲೂ ಕೈಕೊಡದಿರುವುದು. ಆ ಗಾಯಗೊಂಡ ಪ್ರಾಣಿಯನ್ನು ಹುಡುಕಿ ಪೊದೆಗೆ ನುಗ್ಗುವವನಿಗೆ ಮೂರು ಕೂದಲಿನ ಚಿಂತೆ ಇಲ್ಲ. ಅದು ಮೊದಲ ಗುಂಡನ್ನು ದೂರದಿಂದ ಹೊಡೆದವನಿಗೆ ಇರಬೇಕಾಗಿದ್ದ ಚಿಂತೆ.

ಇನ್ನು .303ರ ನಿಷೇಧದ ಮಾತು. ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ಲಿನಂಥದ್ದೇ ಗಟ್ಟಿ, ಅಗ್ಗದ ಬಂದೂಕು ನಾಗರಿಕರಿಗೂ ಬೇಕಿತ್ತು, ತೋಟಾ ಮಾತ್ರ ಬೇರೆ ಇರಬೇಕು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಆಸ್ಟ್ರಿಯದ 8 ಮಿಲಿಮೀಟರ್ ಮ್ಯಾನ್ಲಿಚರ್ ತೋಟಾವನ್ನು .315 ಎಂಬ ಹೆಸರಿನಲ್ಲಿ ಹಾಕಿ ಭಾರತಕ್ಕೆ ಕಳಿಸಿತು. ಸ್ವಾತಂತ್ರ್ಯದ ಮೇಲೂ ಅದು ಸಾಯಲಿಲ್ಲ. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲ್ಲನ್ನು ತಯಾರಿಸಿ ಪರವಾನಗಿದಾರರಿಗೆ ಮಾರಿತು. ತನ್ನ ದೇಶದಲ್ಲಿ ಎಂದೋ ಮರೆತುಹೋದ ಆಸ್ಟ್ರಿಯನ್ ತೋಟಾ ತೆಲಂಗಾಣದ, ಕರ್ನಾಟಕದ ರೈತರ ಲೈಸೆನ್ಸ್ ಪುಸ್ತಕದಲ್ಲಿ ಉಳಿದ ಬಗೆ ಇದು.

ಲೀ-ಎನ್‌ಫೀಲ್ಡ್ ಬೆಡ್ಡಿಂಗಿನ ಪಾಠಶಾಲೆ ಎನ್ನಬಹುದು. ಅದರಲ್ಲಿ ಹಿಂದಿನ ಮರ ಉದ್ದನೆಯ ಬೋಲ್ಟಿನಿಂದ ಬಿಗಿದದ್ದು, ಮುಂದಿನ ಮರ ಬೇರೆ ತುಂಡು. ಸೈನ್ಯದ ರೈಫಲ್ಲಿನಲ್ಲಿ ಈ ಮುಂದಿನ ಮರ ನಳಿಕೆಯ ತುದಿಯವರೆಗೂ ಹೋಗಿ, ಅಲ್ಲಿ ಒಂದು ಸ್ಪ್ರಿಂಗ್ ನಳಿಕೆಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ ಹಿಡಿಯುತ್ತದೆ. ಹದವಾದ ಆ ಒತ್ತಡವೇ ಅದರ ನಿಖರತೆ. ಇಂಗ್ಲೆಂಡಿನ ಬಿಸ್ಲಿ ಸ್ಪರ್ಧೆಗಳಲ್ಲಿ ಈ ಒತ್ತಡವನ್ನು ಸರಿಪಡಿಸುವುದೇ ಫುಲ್ಟನ್ ಮನೆತನದ ಕಸುಬಾಯಿತು. ಅವರ ಆರ್ಥರ್ ಫುಲ್ಟನ್ 1912, 1926, 1931ರಲ್ಲಿ ಮೂರು ಸಲ ಕಿಂಗ್ಸ್ ಪ್ರೈಜ್ ಗೆದ್ದ. ಬೇಟೆಯ .315ಗಾದರೆ ಮುಂದಿನ ಮರವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ತೂಕ ಇಳಿಯಿತು, ಚೆಂದವೂ ಆಯಿತು, ಆದರೆ ತುದಿಯ ಆ ಸ್ಪ್ರಿಂಗಿನ ಆಸರೆ ಹೋಯಿತು. .315 ಸರಿಯಾಗಿ ಗುರಿ ಹಿಡಿಯುವುದಿಲ್ಲ ಎಂದು ಬೈಯುವವರು ನಳಿಕೆಯನ್ನು ಬೈಯುತ್ತಾರೆ. ಸ್ಕ್ರೂ ಬಿಚ್ಚಿ ಮರದ ಒಳಗೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಮರದ ಈ ಕಷ್ಟ ಕಾರ್ಖಾನೆಗಳಿಗೂ ತಟ್ಟಿತು. ಆಸ್ಟ್ರೇಲಿಯದವರು ಆಕ್ರೋಟ್ ಬದಲು ಅಲ್ಲಿನ ಮೆತ್ತನೆ ಮರ ಬಳಸಿದಾಗ ಒದೆತಕ್ಕೆ ಅದು ಜಜ್ಜಿಹೋಗತೊಡಗಿತು. ಒದೆತ ಬೀಳುವ ಕಡೆ ತಾಮ್ರದ ತಗಡು ಕೂರಿಸಿದರು. ಇಶಾಪುರದವರು ಮುಂದಿನ ಮರ ಸೀಳದಂತೆ ಅಡ್ಡಲಾಗಿ ಒಂದು ಸ್ಕ್ರೂ ಹೊಡೆದರು. ಹಳೆಯ ರೈಫಲ್ ಸಂಗ್ರಹಿಸುವವರ ಲೋಕದಲ್ಲಿ ಅದಕ್ಕೆ ಇಂದಿಗೂ ಇಶಾಪುರ ಸ್ಕ್ರೂ ಎಂದೇ ಹೆಸರು. ಪೋಸ್ಟ್‌ಕಾರ್ಡಿನ ಚೂರಿಗೂ ಇದಕ್ಕೂ ತತ್ವದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಕಾಡಿಗೆ-ಉಳಿಯ ಕಾಲ ಮುಗಿಸಿದ್ದು ಒಂದು ಅಂಟು. ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿ 1946ರಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಎಪಾಕ್ಸಿ ರಾಳವನ್ನು ಮಾರುಕಟ್ಟೆಗೆ ತಂದಿತು. ಎರಡು ಟ್ಯೂಬು ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಈ ಜಾತಿಯ ರಾಳವನ್ನು, ಗಾಜಿನ ನಾರು ಬೆರೆಸಿಯೋ ಹಾಗೆಯೋ, ಕುಳಿಗೆ ತುಂಬಿ ಅದರ ಮೇಲೆ ಆ್ಯಕ್ಷನ್ ಒತ್ತಿ ಇಟ್ಟರೆ ಉಕ್ಕಿನ ಮೈಯ ಅಚ್ಚು ತಾನಾಗಿ ಮೂಡುತ್ತದೆ. ವರ್ಷಗಟ್ಟಲೆ ಕೆರೆದು ಕಲಿತವನ ಕೆಲಸ ಒಂದು ರಾತ್ರಿಯಲ್ಲಿ. 1960ರ ದಶಕದಲ್ಲಿ ಅಮೆರಿಕದ ಸೈನ್ಯ ತನ್ನ ಸ್ಪರ್ಧೆಯ ಎಂ-14 ರೈಫಲ್ಲುಗಳನ್ನು ಹೀಗೇ ಕೂರಿಸಿತು. ಕಷ್ಟ ಇರುವುದು ಒಂದೇ. ಉಕ್ಕಿಗೆ ಮೊದಲೇ ಮೇಣವನ್ನೋ ಬೂಟ್ ಪಾಲಿಶನ್ನೋ ಮೂಲೆ ಬಿಡದೆ ಸವರಬೇಕು, ಸ್ಕ್ರೂ ತೂತುಗಳಿಗೆ ಜೇಡಿ ತುಂಬಬೇಕು. ಒಂದು ಚೂರು ಮರೆತರೂ ಬೆಳಿಗ್ಗೆ ಎದ್ದಾಗ ಉಕ್ಕು-ಮರ ಇನ್ನೆಂದೂ ಬಿಡದಂತೆ ಒಂದಾಗಿರುತ್ತವೆ. ಇದಾದ ಮೇಲೆ ನಳಿಕೆಯ ಕೆಳಗಿನ ಮರವನ್ನು ಸ್ವಲ್ಪ ಕೆರೆದು ನಳಿಕೆ ಗಾಳಿಯಲ್ಲಿ ತೇಲುವಂತೆ ಬಿಡುತ್ತಾರೆ. ಹತ್ತು ರೂಪಾಯಿ ನೋಟನ್ನು ನಳಿಕೆ ಮತ್ತು ಮರದ ನಡುವೆ ತೂರಿಸಿ ಹಿಂದಕ್ಕೆ ಎಳೆದರೆ ಎಲ್ಲೂ ತಡೆಯದೆ ಬರಬೇಕು. ಮಳೆಗಾಲದ ಮರ ಇನ್ನು ಎಷ್ಟು ಉಬ್ಬಿದರೂ ನಳಿಕೆಯನ್ನು ಮುಟ್ಟುವುದಿಲ್ಲ. ರೈಫಲ್ ಮೇಲೆ ದುರ್ಬೀನು ಸಾಮಾನ್ಯವಾದದ್ದೂ ಈ ಕಾಲದಲ್ಲೇ. ದುರ್ಬೀನು ಕೂರುವುದು ಆ್ಯಕ್ಷನ್ನಿನ ಮೇಲೆ, ನಳಿಕೆಯ ಮೇಲಲ್ಲ. ಹೀಗಾಗಿ ನಳಿಕೆಯನ್ನು ಮರ ತಳ್ಳಿದರೆ, ಹಿಂದೆ ಗುರಿಮಣಿಯ ಜೊತೆಗೇ ಸರಿದು ಅಡಗಿಹೋಗುತ್ತಿದ್ದ ದೋಷ ಈಗ ಗುರಿಹಲಗೆಯ ಮೇಲೆ ನೇರವಾಗಿ ಕಾಣಿಸಿತು.

ಆದರೆ ಈ ಅಂಟು ಊರೂರ ಹಾರ್ಡ್‌ವೇರ್ ಅಂಗಡಿಗೆ ಬರುವ ಹೊತ್ತಿಗೆ ಬೇಟೆಯೇ ಮುಗಿದಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಹೋಯಿತು. 1956ರಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ನಮ್ಮ ಕಡೆಗೆ ಬಂದವು. 1959ರ ಹೊಸ ಆರ್ಮ್ಸ್ ಆ್ಯಕ್ಟ್, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1980ರ ದಶಕದ ನಡುವಿನಲ್ಲಿ ಬಂದೂಕು ಆಮದಿಗೆ ಬಿದ್ದ ತಡೆ, ಒಂದರ ಹಿಂದೆ ಒಂದು. ನಿಜಾಮರ ಬೇಟೆ ಬಂಗಲೆಯಿದ್ದ ನಲ್ಲಮಲೆಯ ಫರಾಹಾಬಾದ್ ಈಗ ಅಮ್ರಾಬಾದ್ ಹುಲಿ ಮೀಸಲು ಅರಣ್ಯದೊಳಗಿದೆ. ಇದೆಲ್ಲ ಒಳ್ಳೆಯದೇ ಆಯಿತು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಚಿಗರಿಯ ಹಿಂಡು ಊರಂಚಿನಲ್ಲಿ ಉಳಿದಿರುವುದು ಇದರಿಂದಲೇ.

ಬಂದೂಕುಗಳು ಮಾತ್ರ ಉಳಿದವು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಪರವಾನಗಿ ವರ್ಗವಾಗುತ್ತಾ ಬಂದ ರಿಗ್ಬಿ, ಜೆಫ್ರಿ, ಬಿಎಸ್‌ಎಗಳು. ಹೊಸದು ತರಿಸುವಂತಿಲ್ಲದ ಕಾರಣ ಇರುವುದನ್ನೇ ಕಾಪಾಡಬೇಕು. ರಿಪೇರಿ ಮಾಡುವವನಿಗೂ ಪರವಾನಗಿ ಬೇಕು. ಕೂರಿಸಿದ ಮೇಲೆ ಸರಿಯಾಯಿತೇ ಎಂದು ತಿಳಿಯಲು ಐದೈದರಂತೆ ನಾಲ್ಕಾರು ಸಲ ಹಾರಿಸಿ ನೋಡಬೇಕು, ಅಂದರೆ ಇಪ್ಪತ್ತು ಮೂವತ್ತು ತೋಟಾ. .275ರ ಹತ್ತು ಹಳೆಯ ತೋಟಾಗಳನ್ನು ಬೀರುವಿನಲ್ಲಿ ಚಿನ್ನದಂತೆ ಇಟ್ಟುಕೊಂಡವನು ಇಪ್ಪತ್ತು ಎಲ್ಲಿಂದ ತರುತ್ತಾನೆ? 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದಿತು, ಮೂರನೆಯದನ್ನು ಒಪ್ಪಿಸಬೇಕಾಯಿತು.

ಇದರ ನಡುವೆಯೂ ಕೆಲಸ ಇಲ್ಲವೆಂದಲ್ಲ. ತೆಲಂಗಾಣದಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಪಟ್ಟಿಯಲ್ಲಿರುವ ಪರವಾನಗಿದಾರರಿಂದ ಹೊಡೆಸಲು ಅನುಮತಿ ಕೊಡುವ ಏರ್ಪಾಡಿದೆ. ಮಹಾರಾಷ್ಟ್ರದ ಪಾಂಢರಕವಡಾದಲ್ಲಿ ಅವನಿ ಎಂದು ಹೆಸರಾದ ಹೆಣ್ಣುಹುಲಿ 2018ರ ನವೆಂಬರ್ 2ರ ರಾತ್ರಿ ಸತ್ತದ್ದು ಹೈದರಾಬಾದಿನ ಶಿಕಾರಿ ಮನೆತನದವರ ಗುಂಡಿಗೆ. ಆಮೇಲೆ ಎದ್ದ ದೊಡ್ಡ ಜಗಳ ಕಾನೂನಿನದು, ಅರಿವಳಿಕೆ ಚುಚ್ಚುಮದ್ದಿನದು. ರೈಫಲ್ಲಿನ ನಿಖರತೆಯ ಮಾತೇ ಬರಲಿಲ್ಲ. ರಾತ್ರಿಯ ಗುಂಡು, ಹತ್ತಿರದ ಗುಂಡು. ಹಂದಿಯ ವಿಷಯ ಹಾಗಲ್ಲ. ಮುಸ್ಸಂಜೆಯ ಜೋಳದ ಹೊಲದಂಚಿನಲ್ಲಿ ನೂರು ಮೀಟರು ಆಚೆ ಓಡಾಡುವ ಹಂದಿಗೆ ಹೊಟ್ಟೆಗೆ ಗುಂಡು ತಗುಲಿದರೆ, ಬೆಳಿಗ್ಗೆ ಹೊಲಕ್ಕೆ ಹೋಗುವವಳು ಅದನ್ನು ಎದುರಿಸಬೇಕು.

ನಿಖರತೆಯ ನಿಜವಾದ ಕಸುಬು ಈಗ ಬೇರೆ ಕಡೆ ಹೋಗಿದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹೈದರಾಬಾದಿನ ಗಗನ್ ನಾರಂಗ್ ಕಂಚು ಗೆದ್ದ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅಂಥ ರೈಫಲ್ಲುಗಳ ಕುಂದಾ ಅಲ್ಯುಮಿನಿಯಮ್ಮಿನದು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ತಯಾರಿಸುವ ಸೇಬರ್, ವೈಪರ್ ಎಂಬ ಸ್ನೈಪರ್ ರೈಫಲ್ಲುಗಳೂ ಲೋಹದ ಚೌಕಟ್ಟಿನಲ್ಲೇ ಕೂರುತ್ತವೆ. ಲೋಹದ ಮೇಲೆ ಲೋಹ. ಮಳೆಗಾಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಳೆಯ ಮರದ ಕುಂದಾಗಳಿಗೆ ಈಗ ಋತು ಬದಲಾಗುವುದು ಚುನಾವಣೆಯ ಲೆಕ್ಕದಲ್ಲಿ. ಚುನಾವಣೆ ಘೋಷಣೆಯಾದ ಕೂಡಲೇ ಪೊಲೀಸ್ ಠಾಣೆಗೋ ಬಂದೂಕು ಅಂಗಡಿಗೋ ಠೇವಣಿ ಇಡುವಂತೆ ನೋಟಿಸು ಬರುತ್ತದೆ. ಕಾಯಿದೆಯಡಿ ವಿನಾಯಿತಿ ಪಡೆದಿರುವ ಕೊಡಗಿನಲ್ಲೂ ಈ ವಿಷಯಕ್ಕೆ ಪ್ರತಿ ಸಲ ತಕರಾರು ಇದ್ದದ್ದೇ. ಹತ್ತಾರು ಬಂದೂಕುಗಳ ನಡುವೆ ಗೋಡೆಗೆ ಒರಗಿ ನಿಂತು ಒಂದೆರಡು ತಿಂಗಳು ಕಳೆದ ರೈಫಲ್ಲನ್ನು ಬಿಡಿಸಿಕೊಂಡು ಬಂದವನು ಮೊದಲು ನಳಿಕೆಯೊಳಗೆ ಇಣುಕಿ ತುಕ್ಕು ಹುಡುಕುತ್ತಾನೆ. ಕೆಳಗಿನ ಎರಡು ಸ್ಕ್ರೂಗಳ ಮೇಲೆ ಸ್ಕ್ರೂಡ್ರೈವರ್ ಇಟ್ಟು ನೋಡಿದರೆ, ಬೇಸಿಗೆಯಾಗಿದ್ದರೆ, ಕಾಲು ಸುತ್ತು ಸಡಿಲವಾಗಿರುತ್ತವೆ.